ನೀಲಕ್ಕನ ಹನ್ನೆರಡು ಚೀಲ ಜೋಳ

ಮೊನ್ನೆ ಎರಡು ತಿಂಗಳ ಪೆನ್ಶನ್ನನ್ನು ಒಟ್ಟಿಗೇ ತರಲು ಹೋಗಿದ್ದೆ. ಖಜಾನೆಯ ಗುಮಾಸ್ತರು ನೂರು ರೂಪಾಯಿಯ ಒಂದೇ ನೋಟು ಕೊಟ್ಟು ನನ್ನನ್ನು ಸಾಗಹಾಕಿದರು. ಮಡಿಕೆ ಬೀಳದ ಹೊಸ ನೋಟು. ಅದನ್ನು ಒಳಕಿಸೆಯಲ್ಲಿ ಇಟ್ಟುಕೊಂಡು ಹೊರಗೆ ಬರುವಾಗ ನನ್ನ ನಡಿಗೆಯಲ್ಲಿ ಸ್ವಲ್ಪ ಠೀವಿ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಟಾಂಗಾದವನನ್ನು ಕರೆದೆ. ಅವನು ನೋಟನ್ನು ನೋಡಿ, ನನ್ನನ್ನು ನೋಡಿ, ಕುದುರೆಯನ್ನು ಮುಂದಕ್ಕೆ ಹೊಡೆದ. ಕಾಯಿಪಲ್ಲೆ ಮಾರುವ ಮಂಡಯಿಯ ಹತ್ತಿರ ಪೇರಲ ಹಣ್ಣು ಮಾರುವ ಮುದುಕಿಯ ಮುಂದೆ ಕುಳಿತು ನಾಲ್ಕು ಹಣ್ಣು ಆರಿಸಿದೆ. ನೋಟು ಚಾಚಿದ ಕೂಡಲೇ ಅವಳು ಚಿಲ್ಲರೆಯಿಲ್ಲವೆಂದು ನನ್ನ ಕೈಯಿಂದ ಹಣ್ಣುಗಳನ್ನು ಒಂದೊಂದಾಗಿ ತಿರುಗಿ ತೆಗೆದುಕೊಂಡಳು. ಒಂದು ಕಪ್ಪು ಚಹವೂ ಸಿಗಲಿಲ್ಲ. ಎರಡು ಮೈಲು ಬಿಸಿಲಲ್ಲಿ ನಡೆದು ಮನೆಗೆ ಬಂದೆ. ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ನಡೆಯುತ್ತಿದ್ದವರಲ್ಲಿ ಬಹುಶಃ ನಾನೇ ಎಲ್ಲರಿಗಿಂತ ದೊಡ್ಡ ಸಾಹುಕಾರ.

ಇದನ್ನು ಓದಿ ನಿಮಗೆ ನಗು ಬಂದಿದ್ದರೆ ನನ್ನ ಅಭ್ಯಂತರವಿಲ್ಲ. ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿದವನು ನಾನು. ಪರರ ಲೆಕ್ಕದಲ್ಲಿ ಒಂದು ಪೈ ತಪ್ಪಿದರೆ ಅದು ಯಾವ ಸಾಲಿನಲ್ಲಿ ಅಡಗಿ ಕುಳಿತಿದೆಯೆಂದು ಮೂಗಿನಿಂದಲೇ ಪತ್ತೆ ಹಚ್ಚುತ್ತಾನೆ ಎಂದು ನನ್ನ ಬಗ್ಗೆ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನೂ ನಾನೇ. ಆದರೆ ಇರುವ ಹಣ ಬೇರೆ, ಬೇಕಾದ ಹೊತ್ತಿಗೆ ಕೈಗೆ ಸಿಗುವ ಹಣ ಬೇರೆ ಎಂಬ ಸಣ್ಣ ಸಂಗತಿಯನ್ನು ನನಗೆ ಕಲಿಸಿದ್ದು ಕಚೇರಿಯಲ್ಲ. ಪುಣೆಯ ಶುಕ್ರವಾರ ಪೇಠೆಯಲ್ಲಿ ಖಾನಾವಳಿ ನಡೆಸುತ್ತಿದ್ದ ನೀಲಕ್ಕ. ಅವಳಿಗೆ ಸಹಿ ಮಾಡಲು ಬರುತ್ತಿತ್ತು. ಅದಕ್ಕಿಂತ ಹೆಚ್ಚಿನ ಅಕ್ಷರ ಬರುತ್ತಿರಲಿಲ್ಲ. ಅವಳು ಅದನ್ನು ಕಲಿಸುವ ಮೊದಲು ನಾನು ಅವಳಿಗೆ ಮಾಡಿದ ಉಪಕಾರವನ್ನೂ ಹೇಳಬೇಕು, ಏಕೆಂದರೆ ಆ ಉಪಕಾರದಿಂದ ಅವಳ ಖಾನಾವಳಿ ಮುಚ್ಚುವ ಹಂತಕ್ಕೆ ಬಂದಿತ್ತು.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಧಾರವಾಡದ ಕಡೆಯಿಂದ ಪುಣೆಗೆ ವರ್ಗವಾಗಿ ಬಂದಿದ್ದೆ. ಹೆಂಡತಿ ಇನ್ನೂ ಊರಿನಲ್ಲಿದ್ದಳು. ಇಲ್ಲಿ ಮನೆ ಮಾಡುವಷ್ಟು ಸಂಬಳ ನನಗಿರಲಿಲ್ಲ. ಹಗಲೆಲ್ಲ ಕಚೇರಿಯಲ್ಲಿ ಮರಾಠಿ ಮಾತಾಡಿ, ಇಂಗ್ಲಿಷು ಬರೆದು, ನಾಲಿಗೆ ಒಣಗಿಸಿಕೊಂಡು ಸಂಜೆ ನೀಲಕ್ಕನ ಪಡಸಾಲೆಗೆ ಬಂದರೆ, ಅವಳು ಒಳಗಿನಿಂದಲೇ, "ಬರ್ರಿ ಕಾರಕೂನ್ರ, ಕೈಕಾಲು ತೊಳಕೋರಿ" ಎನ್ನುತ್ತಿದ್ದಳು. ಆ ಒಂದು ಮಾತಿಗೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಉಳಿದ ಅರ್ಧವನ್ನು ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ನೋಡಿಕೊಳ್ಳುತ್ತಿದ್ದವು. ಊಟಕ್ಕೆ ನಾವು ಹದಿನಾಲ್ಕು ಮಂದಿ. ಒಂಬತ್ತು ಜನ ಕಾಲೇಜು ಹುಡುಗರು, ಐದು ಜನ ಕಾರಕೂನರು. ತಿಂಗಳಿಗೆ ತಲೆಗೆ ಒಂಬತ್ತು ರೂಪಾಯಿ. ಊಟ ಮೊದಲು, ರೊಕ್ಕ ಆಮೇಲೆ. ಹುಡುಗರ ರೊಕ್ಕ ಊರಿನಿಂದ ಮನಿಯಾರ್ಡರ್ ಬಂದಾಗ ಬರುತ್ತಿತ್ತು. ಮನಿಯಾರ್ಡರು ಅವರ ಅಪ್ಪಂದಿರ ಹತ್ತಿ ಮಾರಾಟವಾದಾಗ ಬರುತ್ತಿತ್ತು. ಹತ್ತಿಯ ಹಣವನ್ನು ಅಡತಿ ಅಂಗಡಿಯ ದಲಾಲರು, ಮುಂಬಯಿಯ ಗಿರಣಿಯವರು ತಮಗೆ ಕೊಟ್ಟಾಗ, ಕೊಡುತ್ತಿದ್ದರು. ಹೀಗೆ ಮುಂಬಯಿಯ ಗಿರಣಿಯ ಮಾಲಕನೊಬ್ಬ ಒಂದು ಚೀಟಿಗೆ ಸಹಿ ಹಾಕಲು ತಡ ಮಾಡಿದರೆ ಶುಕ್ರವಾರ ಪೇಠೆಯಲ್ಲಿ ನೀಲಕ್ಕ ಬದನೆಕಾಯಿಗೆ ಚೌಕಾಶಿ ಮಾಡಬೇಕಾಗುತ್ತಿತ್ತು.

ನೀಲಕ್ಕ ಗದಗಿನವಳು. ಗಂಡ ಪುಣೆಯಲ್ಲಿ ರೈಲ್ವೆಯ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ಅವನ ಅಣ್ಣ ಬಂದು ಇವಳನ್ನು ಗದಗಿಗೆ ಕರೆದುಕೊಂಡು ಹೋದ. ಆತ ಕೆಟ್ಟವನಲ್ಲ. ಹೊಡೆಯಲಿಲ್ಲ, ಬಯ್ಯಲಿಲ್ಲ, ಎರಡು ಹೊತ್ತು ಊಟ ಹಾಕಿದ. ಆದರೆ ಆ ದೊಡ್ಡ ಸಂಸಾರದ ಅಡುಗೆ, ಮುಸುರೆ, ನೀರು ಎಲ್ಲವೂ ನೀಲಕ್ಕನ ಪಾಲಿಗೆ ಬಂದವು. "ಎರಡು ವರ್ಷ ಆ ಮನಿಯಾಗ ದುಡದೆ. ಸಾರಿಗೆ ಒಂದು ಚಿಟಿಕಿ ಉಪ್ಪು ಹೆಚ್ಚಿಗಿ ಹಾಕಬೇಕಂದ್ರೂ ಕೇಳಿ ಹಾಕ್ತಿದ್ದೆ ನೋಡ್ರಿ" ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ದೂರಿನ ದನಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಮೂರನೆಯ ವರ್ಷ ಗಂಡನ ಕಚೇರಿಯಿಂದ ಬಂದ ಅಷ್ಟಿಷ್ಟು ಹಣವನ್ನೂ ಒಂದು ದೊಡ್ಡ ಹಂಚನ್ನೂ ತೆಗೆದುಕೊಂಡು ಪುಣೆಗೆ ಮರಳಿ ಬಂದು ಖಾನಾವಳಿ ತೆರೆದಳು. ಆ ಖಾನಾವಳಿ ನಿಂತರೆ ಅವಳಿಗೆ ಹೋಗಲು ಇದ್ದ ಜಾಗ ಒಂದೇ, ಆ ಗದಗಿನ ಅಡುಗೆಮನೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಪಕಾರ ಮಾಡಲು ಹೋದೆ.

ಆಗಿದ್ದು ಹೀಗೆ. ಅವಳು ಲೆಕ್ಕವನ್ನು ಗೋಡೆಯ ಮೇಲೆ ಇದ್ದಲಿನ ಗೀಟುಗಳಲ್ಲಿ ಇಡುತ್ತಿದ್ದಳು. ಲೆಕ್ಕಿಗನ ಕಣ್ಣಿಗೆ ಅದು ಸಹಿಸದ ನೋಟ. ಸಂಗೀತಗಾರನ ಮುಂದೆ ಯಾರೋ ಅಪಸ್ವರದಲ್ಲಿ ಹಾಡಿದ ಹಾಗಿತ್ತು. ಕೆಂಪು ಬಟ್ಟೆಯ ರಟ್ಟಿನ ಒಂದು ಪುಸ್ತಕವನ್ನು ನಾನೇ ಕೊಂಡು ತಂದೆ. ಪ್ರತಿ ಭಾನುವಾರ ಊಟವಾದ ಮೇಲೆ ಕುಳಿತು ಜಮಾ, ಖರ್ಚು, ಬರಬೇಕಾದದ್ದು, ಕೊಡಬೇಕಾದದ್ದು ಎಂದು ಅಚ್ಚುಕಟ್ಟಾಗಿ ಬರೆದೆ. ಬರೆಯುತ್ತ ಬರೆಯುತ್ತ ಒಂದು ದಿನ ಒಂದು ಡಬ್ಬಿ ನನ್ನ ಕಣ್ಣಿಗೆ ಬಿತ್ತು. ದೇವರ ಗೂಡಿನ ಕೆಳಗೆ ಅವಳು ಇಟ್ಟಿದ್ದ ಬಿಸ್ಕೀಟಿನ ಹಳೆಯ ಡಬ್ಬಿ. ಅದರಲ್ಲಿ ನೂರಾ ಮೂವತ್ತು ರೂಪಾಯಿ ಇತ್ತು. ಆ ಹಣ ಬಡ್ಡಿ ದುಡಿಯುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ, ಕತ್ತಲಲ್ಲಿ ಕಾಲು ಚಾಚಿ ಮಲಗಿತ್ತು.

"ಇದು ಯಾಕ್ರೀ ನೀಲಕ್ಕಾ, ಸುಮ್ಮನ ಕೂತದಲ್ಲ?" ಎಂದೆ.

"ಹಂಗೇ ಇರ್ತದ್ರಿ ಅದು. ವರ್ಷಾ ಇರ್ತದ. ಇದ್ರ ಛಲೋ" ಎಂದಳು.

ಇದ್ದರೆ ಒಳ್ಳೆಯದು ಎಂಬುದು ಯಾವ ಲೆಕ್ಕಶಾಸ್ತ್ರದ ಉತ್ತರ? ನಾನು ನಕ್ಕೆ. ಆಗ ಫಾಲ್ಗುಣ ಮಾಸ. ಹಿಂಗಾರಿ ಜೋಳ ಒಕ್ಕಿ ಶಿರೂರಿನ ಕಡೆಯಿಂದ ಗಾಡಿಗಟ್ಟಲೆ ಪೇಟೆಗೆ ಬರುತ್ತಿತ್ತು. ನಮ್ಮ ಕಡೆಯ ಯಾವ ಮನೆಯಾದರೂ ತೆಗೆದುಕೊಳ್ಳಿ, ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಜೋಳ, ತೊಗರಿ, ಒಣಮೆಣಸಿನಕಾಯಿ ಕೊಂಡು ತುಂಬಿಡುವುದು ವಾಡಿಕೆ. ಪುಣೆಯ ಸಂಸಾರಸ್ಥರೂ ಹಾಗೇ. ತುಂಬಿಡದ ಮನೆಯ ಯಜಮಾನನನ್ನು ಬೀಗರು ಕೂಡ ಹಗುರಾಗಿ ನೋಡುತ್ತಾರೆ. ನನ್ನ ತಾಯಿ ಕಣಜದಲ್ಲಿ ಕೈಯಾಡಿಸಿ ಜೋಳದ ಸದ್ದು ಕೇಳಿದ ದಿನ ಬಹಳ ಸಮಾಧಾನದಿಂದ ಮಲಗುತ್ತಿದ್ದಳು. ಈ ಸಂಸ್ಕಾರವೆಲ್ಲ ನನ್ನ ರಕ್ತದಲ್ಲಿತ್ತು. ಅದಕ್ಕೆ ಕಚೇರಿಯ ಗಣಿತವನ್ನು ಸೇರಿಸಿದೆ. ಈಗ ಕೊಂಡರೆ ಚೀಲಕ್ಕೆ ಏಳು ರೂಪಾಯಿ, ಶ್ರಾವಣದಲ್ಲಿ ಕೊಂಡರೆ ಒಂಬತ್ತು. ಹನ್ನೆರಡು ಚೀಲಕ್ಕೆ ಇಪ್ಪತ್ನಾಲ್ಕು ರೂಪಾಯಿ ಉಳಿತಾಯ! ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ತೋರಿಸಿದೆ.

ನೀಲಕ್ಕ ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು. "ತಿಂಗಳಾ ಒಂದೂವರಿ ಚೀಲ ತರ್ತಿದ್ದೆನ್ರಿ, ಏನೂ ತ್ರಾಸಾಗಿರಲಿಲ್ಲ" ಎಂದಳು. ಆಮೇಲೆ, "ನೀವು ಓದಿದವರು. ನಿಮಗ ತಿಳೀತದ" ಎಂದು ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ಅವಳು ಇನ್ನೊಂದು ಮಾತು ಹೆಚ್ಚು ವಾದಿಸಿದ್ದರೆ ನಾನು ಸೋಲುತ್ತಿದ್ದೆನೋ ಏನೋ. ಓದಿದವರು ಎಂಬ ಮಾತು ಕೇಳಿದ ಮೇಲೆ ನನಗೆ ಬೇರೆ ಏನೂ ಕೇಳಿಸಲಿಲ್ಲ. ಮರುದಿನವೇ ಹನ್ನೆರಡು ಚೀಲ ಜೋಳ, ಎರಡು ಚೀಲ ತೊಗರಿಬೇಳೆ, ಒಂದಿಷ್ಟು ಬ್ಯಾಡಗಿ ಮೆಣಸಿನಕಾಯಿ, ಬೆಲ್ಲದ ಪೆಂಟೆ ಬಂದು ಬಿದ್ದವು. ಡಬ್ಬಿಯಲ್ಲಿ ಉಳಿದದ್ದು ನಾಲ್ಕಾಣೆ. ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ ಮೇಲೆ ಕೋಣೆಯ ಕಿಟಕಿ ಮುಚ್ಚಿಹೋಯಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ. ನಾನೇ ಬೆಳೆದು ತಂದವನ ಹಾಗೆ ಸಂತೋಷವಾಯಿತು. (ಈಗಿನ ರೇಶನ್ ಕಾಲದಲ್ಲಿ ಹನ್ನೆರಡು ಚೀಲ ಜೋಳ ಒಟ್ಟಿದ್ದರೆ ಮೊದಲು ಬರುವವರು ಪೋಲೀಸರು. ಆಗ ಅಂಥ ಭಯವಿರಲಿಲ್ಲ.)

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸುವ ಆಸೆಯಾಗುತ್ತಿದೆ, ಸಹಿಸಿಕೊಳ್ಳಿ. ಹಿಂದೆ ಈ ಊರಿನಲ್ಲಿ ದೊಡ್ಡ ದೊಡ್ಡ ಸರದಾರರಿದ್ದರು. ಅವರ ಜಹಗೀರುಗಳು ನಾಲ್ಕು ದಿಕ್ಕಿಗೂ ಹರಡಿದ್ದವು. ಕಾಗದದ ಮೇಲೆ ನೋಡಿದರೆ ಕಣ್ಣು ಕುಕ್ಕುವ ಉತ್ಪನ್ನ. ಆದರೆ ಆ ಉತ್ಪನ್ನ ಬರುವುದು ಬೆಳೆ ಬಂದಾಗ, ಕುದುರೆ ಹುಲ್ಲು ತಿನ್ನುವುದು ದಿನಾ ಬೆಳಗಾದರೆ. ಸಂಬಳ ತಪ್ಪಿದ ಸಿಪಾಯಿಗಳು ಬಂದು ಸರದಾರನ ಬಾಗಿಲಲ್ಲಿ ಧರಣೆ ಕೂಡುತ್ತಿದ್ದರು. ತಾವೂ ಉಣ್ಣುತ್ತಿರಲಿಲ್ಲ, ಅವನನ್ನೂ ಉಣಗೊಡುತ್ತಿರಲಿಲ್ಲ. ಪರಗಣೆಗಳ ಒಡೆಯನೊಬ್ಬ ತನ್ನದೇ ಮನೆಯಲ್ಲಿ ಹಸಿದು ಕುಳಿತ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಅವನ ಪಕ್ಕದಲ್ಲಿ ಒಬ್ಬ ಕಾರಕೂನ ನಿಂತು, "ತಮ್ಮ ಉತ್ಪನ್ನ ಈ ಸಲ ಹೆಚ್ಚಾಗಿದೆ ಸರಕಾರ್" ಎಂದು ಕಾಗದ ಓದುತ್ತಿದ್ದಿರಬೇಕು. ಆ ಕಾರಕೂನ ನನ್ನ ಪೂರ್ವಜನೆಂದು ನನಗೆ ಗಟ್ಟಿ ಅನುಮಾನ.

ಮನೆಗೂ ಅಂಗಡಿಗೂ ಇರುವ ವ್ಯತ್ಯಾಸ ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಜೋಳವನ್ನು ಉಂಡು ಮುಗಿಸುತ್ತೇವೆ, ಅಷ್ಟೇ. ಖಾನಾವಳಿಯಲ್ಲಿ ಜೋಳ ರೊಟ್ಟಿಯಾಗಬೇಕು, ರೊಟ್ಟಿ ರೊಕ್ಕವಾಗಬೇಕು, ಆ ರೊಕ್ಕದಿಂದ ಮತ್ತೆ ಜೋಳ, ಕಾಯಿಪಲ್ಲೆ, ಕಟ್ಟಿಗೆ ಬರಬೇಕು. ನಾನೋ ತಿಂಗಳ ಒಂದನೇ ತಾರೀಖಿಗೆ ಸೂರ್ಯ ಹುಟ್ಟಿದಷ್ಟು ಖಚಿತವಾಗಿ ಸಂಬಳ ಪಡೆಯುವ ಪ್ರಾಣಿ. ಹಣಕ್ಕೂ ಋತುಗಳಿವೆಯೆಂದು ನನಗೆ ಯಾರು ಹೇಳಬೇಕು?

ಋತು ಬಂತು. ಚೈತ್ರ ಮುಗಿಯುವ ಹೊತ್ತಿಗೆ ಪರೀಕ್ಷೆಗಳಾದವು. ಒಂಬತ್ತು ಜನ ಹುಡುಗರೂ ಹಾಸಿಗೆ ಸುತ್ತಿಕೊಂಡು, "ನೀಲಕ್ಕಾ, ಹೋಗಿ ರೊಕ್ಕ ಕಳಸ್ತೀವಿ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಹುಬ್ಬಳ್ಳಿ ಗಾಡಿ ಹತ್ತಿದರು. ಕಾರಕೂನರಲ್ಲಿ ಇಬ್ಬರು ಮದುವೆಗಳಿಗೆಂದು ರಜೆ ಹಾಕಿ ಹೋದರು. ನನ್ನ ತಂಗಿಯ ಮದುವೆಯೂ ಇತ್ತು. ನಾನೂ ಹೋದೆ. ಹೋಗುವಾಗ ಪುಸ್ತಕದಲ್ಲಿ ಎಲ್ಲವನ್ನೂ ತಪ್ಪದೆ ಬರೆದಿಟ್ಟೇ ಹೋದೆ.

ಜೂನ್ ತಿಂಗಳ ಮೊದಲಲ್ಲಿ ಮರಳಿ ಬಂದಾಗ ನೀಲಕ್ಕ ಎಂದಿನಂತೆ "ಬರ್ರಿ" ಎಂದಳು. ತಾಟಿನಲ್ಲಿ ರೊಟ್ಟಿಯಿತ್ತು, ಬೇಳೆಯಿತ್ತು. ಮರುದಿನ ರೊಟ್ಟಿ, ಬೇಳೆ. ಮೂರನೆಯ ದಿನ ಬೇಳೆ, ರೊಟ್ಟಿ. ಮೊಸರಿಲ್ಲ, ಪಲ್ಲೆಯಿಲ್ಲ. ನಾಲ್ಕನೆಯ ದಿನ ರೊಟ್ಟಿಯ ಅಂಚು ಹಸಿಯಾಗಿತ್ತು. ಅಡುಗೆಮನೆಯಲ್ಲಿ ಇಣುಕಿದೆ. ಅವಳು ಒಂದು ಹಳೆಯ ಮಣೆಯನ್ನು ಒಡೆದು ಒಲೆಗೆ ಹಾಕುತ್ತಿದ್ದಳು.

ಆಗ ಎಲ್ಲ ಹೊರಗೆ ಬಂತು. ಕಟ್ಟಿಗೆ ವಖಾರಿಯವನು ಹಿಂದಿನ ಬಾಕಿ ಕೊಡದೆ ಒಂದು ಸೌದೆಯನ್ನೂ ಕೊಡುವುದಿಲ್ಲವೆಂದಿದ್ದ. ವಾಡೆಯ ಮಾಲಕರಿಗೆ ಎರಡು ತಿಂಗಳ ಬಾಡಿಗೆ ನಿಂತಿತ್ತು. ಪ್ರತಿ ಬೇಸಿಗೆಯೂ ಊಟದವರಿಲ್ಲದ ಎರಡು ತಿಂಗಳನ್ನು ದಾಟಿಸುತ್ತಿದ್ದದ್ದು ಆ ಬಿಸ್ಕೀಟಿನ ಡಬ್ಬಿ. ಅದು ಸುಮ್ಮನೆ ಕುಳಿತಿರಲಿಲ್ಲ, ಬೇಸಿಗೆಗೆ ಕಾಯುತ್ತಿತ್ತು. ಅವಳಿಗೆ ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳಲು ಬರಲಿಲ್ಲ, ನನಗೆ ಬೇರೆ ಭಾಷೆಯಲ್ಲಿ ಕೇಳಲು ಬರಲಿಲ್ಲ. ಜೋಳವನ್ನು ಮಾರಲು ಅವಳು ಭವಾನಿ ಪೇಠೆಗೂ ಹೋಗಿ ಬಂದಿದ್ದಳು. ದಲಾಲಿಯವರು ಬಹಳ ಮರ್ಯಾದೆಯಿಂದಲೇ, ಚೀಲ ಇಟ್ಟು ಹೋಗಿರಿ, ಹಣ ಆಷಾಢ ಕಳೆದ ಮೇಲೆ ಎಂದರಂತೆ. ಇಷ್ಟರ ಮೇಲೆ ಗದಗಿನಿಂದ ಒಂದು ಕಾರ್ಡು ಬಂದಿತ್ತು. ರಜೆಗೆ ಹೋದ ಹುಡುಗರಲ್ಲಿ ಯಾರೋ ಸುದ್ದಿ ಮುಟ್ಟಿಸಿರಬೇಕು. ಅವಳ ಭಾವ ಬರೆಸಿದ್ದ: ಇನ್ನು ಹಟ ಸಾಕು, ಮುಂದಿನ ವಾರ ಬಂದು ಕರೆದುಕೊಂಡು ಹೋಗುತ್ತೇನೆ, ಸಾಮಾನು ಕಟ್ಟಿಡು. ಆ ಕಾರ್ಡನ್ನು ನನ್ನಿಂದಲೇ ಓದಿಸಿದಳು.

ಏನೂ ತೋಚದಿದ್ದಾಗ ಲೆಕ್ಕಿಗ ಪುಸ್ತಕ ತೆರೆಯುತ್ತಾನೆ. ಕೂಡಿಸಿದೆ, ಕಳೆದೆ, ಮತ್ತೆ ಕೂಡಿಸಿದೆ. ವಿಚಿತ್ರವೆಂದರೆ ಲೆಕ್ಕ ಸರಿಯಾಗಿಯೇ ಇತ್ತು. "ನೀಲಕ್ಕಾ, ಹೆದರಬ್ಯಾಡ್ರಿ. ಈ ಆರು ತಿಂಗಳದಾಗ ನಿಮಗ ಎಪ್ಪತ್ತೆರಡು ರೂಪಾಯಿ ಲಾಭ ಆಗೇದ" ಎಂದೆ.

ಅವಳು ಸೆರಗಿನಿಂದ ಹೊಗೆಯ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. "ಎಲ್ಲ್ಯದ್ರಿ ಅದು? ತೋರಸ್ರಿ. ಅದರಾಗ ಒಂದು ರೂಪಾಯಿ ತಗೊಂಡು ಕಟ್ಟಿಗಿ ತರ್ತೀನಿ."

ಎಲ್ಲಿದೆಯೆಂದು ಹುಡುಕಲು ಪುಟ ತಿರುವಿದೆ. ಬರಬೇಕಾದದ್ದು ಎಂಬ ಪುಟದಲ್ಲಿತ್ತು ಲಾಭವೆಲ್ಲ. ಒಂಬತ್ತು ಹುಡುಗರ ಹೆಸರು, ಇಬ್ಬರು ಕಾರಕೂನರ ಹೆಸರು, ಕೊನೆಯಲ್ಲಿ ಮುದ್ದಾದ ಅಕ್ಷರಗಳಲ್ಲಿ ನನ್ನ ಹೆಸರು. ಎರಡು ತಿಂಗಳದ್ದು, ಹದಿನೆಂಟು ರೂಪಾಯಿ. ಬರೆದವನು ನಾನೇ. ಬರೆದು, ಸಾಲು ಕೂಡಿಸಿ, ಮೊತ್ತ ಸರಿಬಂತೆಂದು ಸಂತೋಷಪಟ್ಟು ಮಲಗಿದವನೂ ನಾನೇ. ಹಣವಿರಲಿಲ್ಲವೇ? ಇತ್ತು. ಹಣ ಸುಮ್ಮನೆ ಕೂರಬಾರದೆಂಬ ನನ್ನ ತತ್ತ್ವದಂತೆ ಅದನ್ನು ಅಂಚೆಯ ಉಳಿತಾಯ ಖಾತೆಯಲ್ಲಿ ಹಾಕಿದ್ದೆ. ನೀಲಕ್ಕನ ಹದಿನೆಂಟು ರೂಪಾಯಿ ನನ್ನ ಹೆಸರಿನಲ್ಲಿ ಬಡ್ಡಿ ದುಡಿಯುತ್ತಿತ್ತು, ಅವಳು ಮಣೆ ಒಡೆದು ಒಲೆ ಹೊತ್ತಿಸುತ್ತಿದ್ದಳು.

"ಕೇಳಬಾರದೇನ್ರೀ ನೀಲಕ್ಕಾ?" ಎಂದೆ.

"ಲೆಕ್ಕಾ ಬರಿಯೋರು ನೀವು. ನಿಮಗ ಗೊತ್ತಿರತದ ಅಂತ ಬಿಟ್ಟೆ" ಎಂದಳು.

ನನಗೆ ಬಹಳ ನಾಚಿಕೆಯಾಯಿತು. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ಕಿವಿ ಬೆಚ್ಚಗಾಗುತ್ತದೆ. ಮರುದಿನ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಹದಿನೆಂಟು ರೂಪಾಯಿ ತಂದು ಕೊಟ್ಟೆ. ಆ ಹಣ ನೀಲಕ್ಕನ ಕೈಯಲ್ಲಿ ಇದ್ದದ್ದು ಅರ್ಧ ಗಳಿಗೆ. ಮಾಲಕರು ಮೆಟ್ಟಿಲ ಮೇಲೆಯೇ ಕುಳಿತಿದ್ದರು, ಪೂರ್ತಿ ತೆಗೆದುಕೊಂಡು ಹೋದರು. ಒಲೆ ಹಾಗೇ ತಣ್ಣಗಿತ್ತು. ಒಂಬತ್ತು ಚೀಲ ಜೋಳ ಇನ್ನೂ ಕಿಟಕಿಗೆ ಅಡ್ಡವಾಗಿ ಕೂತಿತ್ತು, ಆದರೆ ಜೋಳವನ್ನು ಒಲೆಗೆ ಹಾಕಲು ಬರುವುದಿಲ್ಲ.

ದಾರಿ ಹುಡುಕಿದವಳು ನೀಲಕ್ಕನೇ. ಸಂತರ ಪಾದುಕೆ ಹೊತ್ತು ಪಂಢರಪುರಕ್ಕೆ ಹೊರಟ ಪಾಲಖಿಗಳು ಊರಿಗೆ ಬರಲು ಐದಾರು ದಿನವಿತ್ತು. ಪಾಲಖಿಯ ಜೊತೆ ನಡೆದು ಬರುವ ವಾರಕರಿ ಭಕ್ತರಿಗೆ ಪೇಟೆಯ ಸೇಠರು ದಾರಿಬುತ್ತಿ ಕಟ್ಟಿಕೊಡುವ ಪದ್ಧತಿ ಇದೆ. ಪುಣೆಯವರ ಜೋಳದ ಭಾಕರಿ ಮೆತ್ತಗೆ, ರುಚಿಯೂ ಹೌದು, ಆದರೆ ಮಳೆಯ ದಿನಗಳಲ್ಲಿ ಮೂರನೆಯ ಮಜಲಿಗೆ ಬೂಸು ಹಿಡಿಯುತ್ತದೆ. "ನಮ್ಮ ಕಡಿಂದ ಪಂಢರಪುರಕ್ಕ ಹೋಗೋರು ಏನು ಒಯ್ತಾರ್ರಿ? ಖಡಕ್ ರೊಟ್ಟಿ. ತಿಂಗಳಾದ್ರೂ ಏನೂ ಆಗಂಗಿಲ್ಲ" ಎಂದಳು. ಮೊನ್ನೆಯ ಕಾರಹುಣ್ಣಿವೆಗೆ ಮಾಡಿದ್ದರಲ್ಲಿ ಉಳಿದಿದ್ದ ನಾಲ್ಕು ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ನಾನು ಜೊತೆಗೆ ಹೋದೆ. ಮಾತಾಡಲು ನನ್ನ ಮರಾಠಿ ಬೇಕಾದೀತೆಂದುಕೊಂಡಿದ್ದೆ, ಬೇಕಾಗಲಿಲ್ಲ.

ಭವಾನಿ ಪೇಠೆಯ ಒಬ್ಬ ಬಟ್ಟೆಯ ಸೇಠರ ಪಡಸಾಲೆ. ನೀಲಕ್ಕ ರೊಟ್ಟಿ ಮುರಿದು ಅವರ ಮುಂದೆ ಇಟ್ಟಳು. ಸದ್ದು ಕೇಳಿ ಒಳಗಿನ ಹೆಂಗಸರೂ ಬಂದರು. ಸೇಠರು ತಿಂದು ನೋಡಿ ಸಾವಿರ ರೊಟ್ಟಿ, ಹಿಂಡಿಯ ಸಮೇತ, ಮೂವತ್ತು ರೂಪಾಯಿಗೆ ಒಪ್ಪಿದರು. ಕೊಟ್ಟ ದಿನ ಹಣ ಎಂದರು. ನನಗೆ ಹಿಗ್ಗಾಯಿತು, ಎದ್ದು ಕೈಮುಗಿಯಲು ಹೊರಟಿದ್ದೆ. ನೀಲಕ್ಕ ಏಳಲಿಲ್ಲ. ಹದಿನೈದು ರೂಪಾಯಿ ಈಗಲೇ ಬೇಕೆಂದಳು. ಸೇಠರು ಹುಬ್ಬು ಏರಿಸಿದರು. ಬಾಯಿಯವರೇ, ದೇವರ ಕೆಲಸದಲ್ಲಿ ಅಷ್ಟೂ ವಿಶ್ವಾಸವಿಲ್ಲವೇ ಎಂದರು. ನೀಲಕ್ಕ ತನ್ನ ಗದಗಿನ ಮರಾಠಿಯಲ್ಲಿ, ದೇವರ ಮೇಲೆ ಪೂರ್ತಿ ವಿಶ್ವಾಸವಿದೆ, ಕಟ್ಟಿಗೆಯವನಿಗೆ ನನ್ನ ಮೇಲೆ ಇಲ್ಲ ಎಂದಳು. ಸೇಠರು ಜೋರಾಗಿ ನಕ್ಕರು. ಅವರೂ ವ್ಯಾಪಾರಸ್ಥರಲ್ಲವೇ! ಗಲ್ಲಾಪೆಟ್ಟಿಗೆ ತೆರೆದು ಎಣಿಸಿ ಕೊಟ್ಟರು. ನಾನಾಗಿದ್ದರೆ ಆ ಹದಿನೈದನ್ನು ಬರಬೇಕಾದದ್ದು ಎಂಬ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ.

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಪಕ್ಕದ ಓಣಿಯ ಇಬ್ಬರು ಬೆಟಗೇರಿಯ ಹೆಂಗಸರು ಕೂಲಿಗೆ ಬಂದರು. ಕಟ್ಟಿಗೆ ಒಡೆಯುವ ಕೆಲಸವನ್ನು ನಾನು ಕೇಳಿ ಪಡೆದೆ. ಎರಡನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದು ಕಚೇರಿಯಲ್ಲಿ ಲೇಖನಿ ಹಿಡಿಯಲು ಆಗಲಿಲ್ಲ, ಆದರೂ ಮನಸ್ಸಿಗೆ ಹಿತವಾಗಿತ್ತು. ಮೊದಲ ಹಂಚಿನ ಇಪ್ಪತ್ತು ರೊಟ್ಟಿಗಳನ್ನು ನೀಲಕ್ಕ ಬೇರೆ ಬುಟ್ಟಿಯಲ್ಲಿ ಇಟ್ಟಳು. ಅವು ಅವಳ ಕಡೆಯಿಂದ ವಾರಕರಿಗಳಿಗೆ. "ದೇವರಿಗೆ ಕೊಡೋದು ಬ್ಯಾರೆ, ಸೇಠಗ ಮಾರೋದು ಬ್ಯಾರೆ" ಎಂದಳು. ಅವಳ ಲೆಕ್ಕದಲ್ಲಿ ಎಂದೂ ಗೊಂದಲವಿರಲಿಲ್ಲ.

ಸೇಠರ ರೊಟ್ಟಿ ನೋಡಿ ಇನ್ನಿಬ್ಬರು ಸೇಠರು ಹೇಳಿ ಕಳಿಸಿದರು. ಅವರೂ ಅರ್ಧ ಹಣವನ್ನು ಮುಂಗಡವಾಗಿಯೇ ಕೊಟ್ಟರು. ವಖಾರಿಯವನ ಬಾಕಿ ತೀರಿತು, ಉಳಿದ ಬಾಡಿಗೆ ತೀರಿತು. ಅಷ್ಟರಲ್ಲಿ ಕಾಲೇಜು ತೆರೆಯುವ ದಿನ ಬಂದು ಹುಡುಗರು ಹಾಸಿಗೆ ಹೊತ್ತು ಬಂದರು. ಬಾಗಿಲಲ್ಲೇ ಅವರಿಗೆ ಹೊಸ ಕಾನೂನು ಕಾದಿತ್ತು: ಹಿಂದಿನ ಬಾಕಿ ಕೊಡಬೇಕು, ಮುಂದಿನ ಹದಿನೈದು ದಿನದ ಹಣ ಊಟಕ್ಕೆ ಕೂರುವ ಮೊದಲೇ ಕೊಡಬೇಕು. ಅವರು ಗೊಣಗಿದರು, ಮಾತು ಕೊಡುತ್ತೇವೆ ಎಂದರು. ಒಳಗಿನಿಂದ ಎಣಗಾಯಿಯ ವಾಸನೆ ಬರುತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ ಟ್ರಂಕು ಬಿಚ್ಚಿದರು.

ಆ ದಿನವೇ ಬೆಳಗಿನ ಗಾಡಿಗೆ ಭಾವನವರು ಬಂದಿಳಿದರು. ದೊಡ್ಡ ರುಮಾಲು, ಬಿಳಿ ಮೀಸೆ, ಕೈಯಲ್ಲಿ ಹಗ್ಗದ ಸುರುಳಿ. ಸಾಮಾನು ಕಟ್ಟಲು ಹಗ್ಗ ಪುಣೆಯಲ್ಲಿ ಸಿಗುತ್ತದೋ ಇಲ್ಲವೋ ಎಂದು ಊರಿಂದಲೇ ತಂದಿದ್ದರು. ಪಡಸಾಲೆಯಲ್ಲಿ ಹುಡುಗರ ಗದ್ದಲ, ಒಳಗೆ ಎದೆಯೆತ್ತರ ಒಟ್ಟಿದ ರೊಟ್ಟಿ. ಅವರು ಹಗ್ಗವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕುಳಿತರು. ನೀಲಕ್ಕ ಕಾಲಿಗೆ ನೀರು ಕೊಟ್ಟಳು, ತಾಟು ಹಾಕಿದಳು. ಅವರು ಉಣ್ಣುತ್ತ ನನ್ನ ಕಡೆ ತಿರುಗಿದರು.

"ನೀವೇನ್ರಿ ಲೆಕ್ಕಾ ಬರಿಯೋರು? ಇದರಾಗ ಏನರ ಉಳೀತದೇನ್ರಿ ಈಕಿಗೆ? ಖರೆ ಹೇಳ್ರಿ."

ನಾನು ಕೆಂಪು ಪುಸ್ತಕ ತೆರೆದೆ. ತೊಂಬತ್ತು ರೂಪಾಯಿಯ ಮೇಲೆ ಲಾಭವಿತ್ತು. ಹೇಳಲು ಬಾಯಿ ತೆರೆದೆ. ನೀಲಕ್ಕ ಪಲ್ಲೆ ಬಡಿಸುತ್ತ ನಡುವೆ ಬಂದಳು.

"ಅವರ ಲಾಭ ಅವರ ಪುಸ್ತಕದಾಗ ಇರಲಿ ಭಾವಾರ. ನಾಳಿನ ಕಟ್ಟಿಗಿ ತಂದು ಒ‍ಟ್ಟೀನಿ. ಮುಂದಿನ ತಿಂಗಳ ಬಾಡಿಗಿ ಕೈಯಾಗದ. ಬರೋ ಬ್ಯಾಸಿಗಿಗೂ ಇವತ್ತಿಂದ ತಗದಿಡ್ತೀನಿ."

ಭಾವನವರು ಇನ್ನೊಂದು ರೊಟ್ಟಿ ಕೇಳಿದರು. ಊಟವಾದ ಮೇಲೆ ಬಹಳ ಹೊತ್ತು ಅಡಿಕೆ ಕತ್ತರಿಸುತ್ತ, ಹುಡುಗರು ಬಂದು ಹೋಗುವುದನ್ನೂ ಪ್ರತಿಯೊಬ್ಬನೂ ನೀಲಕ್ಕನ ಕೈಗೆ ಹಣ ಎಣಿಸುವುದನ್ನೂ ನೋಡುತ್ತ ಕುಳಿತರು. ಸಂಜೆಯ ಗಾಡಿಗೆ ಎದ್ದರು. ಹೊಸ್ತಿಲಲ್ಲಿ ನಿಂತು ಕೋಟಿನ ಕಿಸೆಗೆ ಕೈ ಹಾಕಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು:

"ಊಟದ್ದು ಎಷ್ಟಾತವ್ವ? ಎಲ್ಲಾರೂ ಕೊಡ್ತಾರಲ್ಲ, ನಾನೂ ಕೊಡಬೇಕು."

ನೀಲಕ್ಕ ಸೆರಗು ಸರಿಮಾಡಿಕೊಂಡು, "ನನ್ನ ಮನಿಗೆ ಬಂದವರ ಕಡೆ ರೊಕ್ಕಾ ತಗೊಳ್ಳಂಗಿಲ್ರಿ" ಎಂದಳು.

ನಾನು ಎಷ್ಟೋ ಕೋಟಿ ರೂಪಾಯಿಗಳ ಸರಕಾರಿ ಲೆಕ್ಕಗಳನ್ನು ತಪಾಸಣೆ ಮಾಡಿದ್ದೇನೆ. ಒಂದು ಊಟವನ್ನು ಅಷ್ಟು ನೆಟ್ಟಗೆ ನಿಂತು ಬಿಟ್ಟುಕೊಟ್ಟ ಧಣಿಯನ್ನು ಯಾವ ಲೆಕ್ಕದಲ್ಲೂ ನೋಡಿರಲಿಲ್ಲ. ಭಾವನವರು ಕೈಯನ್ನು ಕಿಸೆಯಿಂದ ಹೊರಗೆ ತೆಗೆದರು. ಆ ಮನೆಯ ಯಜಮಾನಿಗೆ ಹೇಳುವ ಹಾಗೆ, "ಬರ್ತೀನವ್ವಾ" ಎಂದು ಹೇಳಿ, ಹಗ್ಗದ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟೇಶನ್ನಿನ ಕಡೆ ಒಬ್ಬರೇ ನಡೆದರು.